ಟಾರ್ಚಿಗೊಂದು ನ್ಯಾಯ, ಗಡಿಯಾರಕ್ಕೊಂದು ನ್ಯಾಯ

ಸೋತ ಸೆಲ್ಲನ್ನು ಮಾಳಿಗೆಯ ಮೇಲೆ ಬಿಸಿಲಿಗಿಟ್ಟರೆ ಚಾರ್ಜ್ ಆಗುತ್ತದೆ ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಗಟ್ಟಿಯಾಗಿದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬೀದರ್ ಜಿಲ್ಲೆಯ ಬೇಮಳಖೇಡದ ಕಡೆ ಬಿಸಿಲಿಗಂತೂ ಬರವಿಲ್ಲ. ಸಂಜೆ ಅದೇ ಸೆಲ್ಲು ಟಾರ್ಚನ್ನು ಸ್ವಲ್ಪ ಹೊತ್ತು ಉರಿಸುವುದೂ ನಿಜ. ಆದರೆ ಸೂರ್ಯ ಅದಕ್ಕೆ ಕಿಂಚಿತ್ತೂ ವಿದ್ಯುತ್ ತುಂಬಿರುವುದಿಲ್ಲ. ಅಗ್ಗದ ಸೆಲ್ಲಿನಲ್ಲಿ ಸತುವಿನ ಡಬ್ಬಿಯೇ ಇಂಧನ. ಒಳಗಿನ ಕಪ್ಪು ಪುಡಿ ಮ್ಯಾಂಗನೀಸ್ ಡೈಆಕ್ಸೈಡ್. ಟಾರ್ಚು ಒಮ್ಮೆಲೇ ಹೆಚ್ಚು ಕರೆಂಟು ಎಳೆದಾಗ ಆ ಪುಡಿಯ ಕಣಗಳ ಮೇಲ್ಮೈ ಬೇಗ ದಣಿಯುತ್ತದೆ, ಒಳಭಾಗ ಬಳಕೆಯಾಗದೇ ಉಳಿಯುತ್ತದೆ. ಬಿಡುವು ಸಿಕ್ಕರೆ ಮೇಲ್ಮೈ ಚೇತರಿಸಿಕೊಳ್ಳುತ್ತದೆ. ಶಾಖ ಅದನ್ನು ತುಸು ಬೇಗ ಆಗಿಸುತ್ತದೆ, ಅಷ್ಟೆ. ನೆರಳಿನಲ್ಲಿಟ್ಟ ಸೆಲ್ಲೂ ಚೇತರಿಸಿಕೊಳ್ಳುತ್ತದೆ. ಬಿಸಿಲಿನ ಸೆಲ್ಲಿಗೆ ಮಾತ್ರ ಸೋರುವ ಅಪಾಯ ಹೆಚ್ಚು.

ಯಾವ ಉಪಕರಣಕ್ಕೆ ಯಾವ ಸೆಲ್ಲು ಎಂಬುದಕ್ಕೂ ಈ ದಣಿವಿನಲ್ಲೇ ಉತ್ತರವಿದೆ. ಗೋಡೆ ಗಡಿಯಾರ, ಟಿವಿ ರಿಮೋಟು ಗುಟುಕು ಗುಟುಕಾಗಿ ಕರೆಂಟು ಕುಡಿಯುತ್ತವೆ. ಅಲ್ಲಿ ಸಾದಾ ಸೆಲ್ಲು ದಣಿಯುವುದೇ ಇಲ್ಲ, ವರ್ಷಗಟ್ಟಲೆ ನಡೆಯುತ್ತದೆ. ಅಲ್ಲಿಗೆ ರೀಚಾರ್ಜಬಲ್ ಹಾಕುವುದು ದುಂದು. ಟಾರ್ಚು, ಮಕ್ಕಳ ಮೋಟಾರು ಆಟಿಕೆಗಳ ಮಾತೇ ಬೇರೆ. ಮೂರು ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದಾಗ ಕಬ್ಬಿಗೆ ನೀರು ಹಾಯಿಸುವ ರೈತನ ಟಾರ್ಚು ದಿನವೂ ಗಂಟೆಗಟ್ಟಲೆ ಉರಿಯಬೇಕು. ಒಳಗಿನ ತಡೆ ಕಡಿಮೆಯಿರುವ, ಕೆಲವು ನೂರು ಸಲ ತುಂಬಬಹುದಾದ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲಿನ ಜಾಗ ಅದು.

ಇದಕ್ಕೆ ಆಕ್ಷೇಪಗಳಿವೆ. 'ಅದರ ಮೇಲೆ 1.2 ವೋಲ್ಟ್ ಎಂದಿದೆ, 1.5 ಅಲ್ಲವಲ್ಲ' ಎನ್ನುವುದು ಮೊದಲನೆಯದು. 1.5 ಎನ್ನುವುದು ಹೊಸ ಸೆಲ್ಲಿನ ಆರಂಭದ ಅಂಕಿ. ಕೆಲಸ ಶುರುವಾದೊಡನೆ ಅದು ಇಳಿಯುತ್ತ 1ರ ಆಸುಪಾಸಿಗೆ ಬರುತ್ತದೆ. ರೀಚಾರ್ಜಬಲ್ ಹೆಚ್ಚುಕಡಿಮೆ ಕೊನೆಯವರೆಗೂ 1.2ರ ಬಳಿಯೇ ನಿಲ್ಲುತ್ತದೆ. ಸುಮ್ಮನಿಟ್ಟರೂ ಖಾಲಿಯಾಗುತ್ತದೆ ಎಂಬ ದೂರು ಹಳೆಯ ಸೆಲ್ಲುಗಳ ಮಟ್ಟಿಗೆ ಸರಿಯಾಗಿತ್ತು. 2005ರಲ್ಲಿ ಜಪಾನಿನ ಸಾನ್ಯೊ ತಂದ ಎನೆಲೂಪ್ ಬಗೆಯವು ವರ್ಷ ಕಳೆದರೂ ಬಹುಪಾಲು ಚಾರ್ಜ್ ಉಳಿಸಿಕೊಳ್ಳುತ್ತವೆ. ಕರೆಂಟು ಬಿಲ್ಲಿನ ಹೆದರಿಕೆಯಂತೂ ಲೆಕ್ಕಕ್ಕೆ ನಿಲ್ಲದು. 2,000 ಮಿಲಿಆಂಪ್-ಅವರ್ ಸೆಲ್ಲಿನಲ್ಲಿ ಹಿಡಿಯುವುದು 2.4 ವಾಟ್-ಅವರ್; ಚಾರ್ಜರಿನ ನಷ್ಟ ಸೇರಿಸಿ 5 ಎಂದರೂ ಒಂದೇ ಯೂನಿಟ್ಟಿನಲ್ಲಿ 200 ಸಲ ತುಂಬಬಹುದು. ದುಬಾರಿಯೆನಿಸುವುದು ಮೊದಲ ಖರೀದಿ ಮಾತ್ರ. ವಾರಕ್ಕೊಮ್ಮೆ ಸೆಲ್ಲು ಬದಲಿಸುವ ಮನೆಗೆ ಆ ದುಡ್ಡು ಬೇಗ ಹುಟ್ಟುತ್ತದೆ. ವರ್ಷಕ್ಕೊಮ್ಮೆ ಬದಲಿಸುವ ಮನೆಗೆ ಹುಟ್ಟುವುದಿಲ್ಲ.