ಊರೂರಿಗೆ ಆಸ್ಪತ್ರೆ ಹೊತ್ತು ನಡೆದ ಡಾ. ಮೋದಿ

ದಾವಣಗೆರೆಯಲ್ಲಿ ಡಾ. ಎಂ.ಸಿ. ಮೋದಿ ಅವರ ಹೆಸರಿನ ವೃತ್ತವಿದೆ. ಅದನ್ನು ದಿನವೂ ದಾಟುವ ಎಳೆಯರಿಗೆ ಅವರು ಯಾರೆಂದು ಹೇಳಬೇಕಾದ ಕಾಲ ಬಂದಿದೆ, ಹೇಳಲೇಬೇಕು.

ಮುರುಗಪ್ಪ ಚನ್ನವೀರಪ್ಪ ಮೋದಿ ಬೀಳಗಿಯವರು. 1943ರಿಂದ ಸಾಮೂಹಿಕ ನೇತ್ರಚಿಕಿತ್ಸೆಗೆ ಇಳಿದರು. ಆಗ ತುಂಗಭದ್ರೆಯ ಈಚೆ ದಡದ ಹರಿಹರ ಮೈಸೂರು ಸಂಸ್ಥಾನದಲ್ಲಿ, ಆಚೆ ದಡದ ರಾಣೆಬೆನ್ನೂರು ಮುಂಬೈ ಪ್ರಾಂತದಲ್ಲಿ. ಆಡಳಿತ ಎರಡಾದರೂ ಎರಡೂ ದಡದ ಹಳ್ಳಿಗಳ ಮುದುಕರ ಪಾಡು ಒಂದೇ. ಕಣ್ಣಿಗೆ ಪೊರೆ ಬಂದರೆ ವಯಸ್ಸಾಯಿತೆಂದು ಜಗಲಿ ಹಿಡಿಯುವುದು. ಪಟ್ಟಣಕ್ಕೆ ಹೋಗಲು ಬಸ್ಸಿನ ದುಡ್ಡು ಬೇಕು, ಕೈ ಹಿಡಿದು ನಡೆಸಲು ಮಗನೋ ಸೊಸೆಯೋ ಕೂಲಿ ಬಿಡಬೇಕು. ಚಾಕುವಿನ ಭಯ ಬೇರೆ.

ಮೋದಿಯವರು ಈ ಲೆಕ್ಕವನ್ನೇ ತಿರುಗಿಸಿದರು. ರೋಗಿ ಬರದಿದ್ದರೆ ಆಸ್ಪತ್ರೆಯೇ ಹೋಗಲಿ! ಶಿಬಿರದಲ್ಲಿ ಸಹಾಯಕರು ರೋಗಿಗಳನ್ನು ಸಾಲಾಗಿ ಸಜ್ಜುಗೊಳಿಸುವರು, ಡಾಕ್ಟರು ಪೊರೆ ತೆಗೆಯುವರು, ಪಟ್ಟಿ ಕಟ್ಟುವ ಕೆಲಸ ಮತ್ತೊಬ್ಬರದು. ಹೀಗೆ ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ್ದು ಗಿನ್ನೆಸ್ ದಾಖಲೆ. ಹದಿನಾಲ್ಕು ಗಂಟೆ ಬಿಡುವಿಲ್ಲದೆ ನಿಂತರೂ ಒಂದು ಕಣ್ಣಿಗೆ ಹೆಚ್ಚುಕಡಿಮೆ ಒಂದು ನಿಮಿಷ! ಅದೇ ದಾಖಲೆಯ ಪ್ರಕಾರ 1993ರ ಫೆಬ್ರುವರಿವರೆಗೆ ಅವರು ಸುತ್ತಿದ ಹಳ್ಳಿಗಳು 46,120, ಮಾಡಿದ ಶಸ್ತ್ರಚಿಕಿತ್ಸೆಗಳು 6,10,564.

ಎಲ್ಲರೂ 833ರ ಬಗ್ಗೆ ಬೆರಗಾಗುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು 46,120. ಕೈಚಳಕ ಅಭ್ಯಾಸದಿಂದ ಬಂದೀತು. ಅರ್ಧ ಶತಮಾನ ಹಳ್ಳಿಯ ದಾರಿ ಸವೆಸುವ ಛಲ ಎಲ್ಲರಿಗೂ ಬರುವಂಥದ್ದಲ್ಲ. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂದವು. ಆಮೇಲೂ ತಿರುಗಾಟ ನಿಲ್ಲಲಿಲ್ಲ. ಬೆಂಗಳೂರಿನಲ್ಲಿ ಅವರ ಆಸ್ಪತ್ರೆಯಿಂದಾಗಿ ಒಂದು ರಸ್ತೆಗೇ ಮೋದಿ ಆಸ್ಪತ್ರೆ ರಸ್ತೆ ಎಂಬ ಹೆಸರು ನಿಂತಿತು. 2005ರಲ್ಲಿ ತೀರಿಕೊಂಡರು.

ಆ ಕಾಲದ ಚಿಕಿತ್ಸೆ ಸುಲಭದ್ದಾಗಿರಲಿಲ್ಲ. ಪೊರೆ ಬಲಿಯುವವರೆಗೆ ಕಾಯಬೇಕಿತ್ತು. ತೆಗೆದ ಮೇಲೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ದಿನಗಟ್ಟಲೆ ಅಲುಗದೆ ಮಲಗಬೇಕಿತ್ತು. ಕಣ್ಣೊಳಗೆ ಮಸೂರ ಇಡುವ ಪದ್ಧತಿ ಇನ್ನೂ ಬಳಕೆಗೆ ಬಾರದ ಕಾರಣ ಸೋಡಾಬುಡ್ಡಿ ಕನ್ನಡಕವೇ ಗತಿ. ಆದರೂ ಆ ಕನ್ನಡಕದಲ್ಲಿ ಮೊಮ್ಮಗುವಿನ ಮುಖ ಕಂಡಿತಲ್ಲ!

ದಾವಣಗೆರೆಗೆ 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಬಂತು. ಚಿಗಟೇರಿ ಆಸ್ಪತ್ರೆ, ಬಾಪೂಜಿ ಆಸ್ಪತ್ರೆಗಳಿಗೆ ಇಂದು ಹರಿಹರ, ಜಗಳೂರು, ಹರಪನಹಳ್ಳಿಗಳಿಂದ ಜನ ಬರುತ್ತಾರೆ. 1976ರಲ್ಲಿ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ಸೋಂಕಿನ ಅಪಾಯ ತಪ್ಪಿಸಲು ಮುಂದೆ ಶಸ್ತ್ರಚಿಕಿತ್ಸೆ ಶಾಲೆ, ಛತ್ರಗಳಿಂದ ಆಸ್ಪತ್ರೆಯ ಕೋಣೆಗೆ ಮರಳಿತು. ಅದು ಸರಿಯಾದದ್ದೇ. ಈಗ ಹಳ್ಳಿಯಲ್ಲಿ ನಡೆಯುವುದು ತಪಾಸಣೆ ಮಾತ್ರ. ಅಲ್ಲಿ ಆರಿಸಿದವರನ್ನು ವಾಹನದಲ್ಲಿ ಕರೆತಂದು, ಪೊರೆ ತೆಗೆದು, ಮಸೂರ ಕೂರಿಸಿ, ಮತ್ತೆ ಊರಿಗೆ ಬಿಟ್ಟು ಬರುತ್ತಾರೆ.