ಗೋಕಾಕದ ಹಲ್ಲುಗಳು ಮತ್ತು ದ್ವೀಪವಾಗಿದ್ದ ಭಾರತ

ದ್ವಿತೀಯ ಪಿಯುಸಿ ಜೀವಶಾಸ್ತ್ರದ ವಿಕಾಸದ ಪಾಠದಲ್ಲಿ ಗ್ಯಾಲಪಗಾಸ್ ದ್ವೀಪಗಳ ಫಿಂಚ್ ಹಕ್ಕಿಗಳು ಬರುತ್ತವೆ. ದ್ವೀಪವೆಂದರೆ ಎಲ್ಲೋ ದೂರದ ಸಮುದ್ರದ ವಿಷಯವೆಂದು ನಾವು ಓದಿ ಮುಂದೆ ಹೋಗುತ್ತೇವೆ. ಆದರೆ ನಾವು ನಿಂತಿರುವ ನೆಲವೇ ಒಂದು ಕಾಲದಲ್ಲಿ ದ್ವೀಪವಾಗಿತ್ತು. ಆ ಕಾಲದ ಗುರುತು ನಮ್ಮ ರಾಜ್ಯದಲ್ಲೇ ಸಿಕ್ಕಿದೆ.

ಸುಮಾರು 8.8 ಕೋಟಿ ವರ್ಷಗಳ ಹಿಂದೆ ಭಾರತದ ಭೂಭಾಗ ಮಡಗಾಸ್ಕರ್‌ನಿಂದ ಬೇರ್ಪಟ್ಟು ಉತ್ತರಕ್ಕೆ ಸರಿಯತೊಡಗಿತು. ಅದು ಏಷ್ಯಾಕ್ಕೆ ತಾಗಿದ್ದು ಸುಮಾರು 5 ಕೋಟಿ ವರ್ಷಗಳ ಹಿಂದೆ. ಈ ನಡುವೆ, ಸುಮಾರು 6.6 ಕೋಟಿ ವರ್ಷಗಳ ಹಿಂದೆ, ದಖ್ಖನ್ನಿನಲ್ಲಿ ಲಾವಾ ಪದರ ಪದರವಾಗಿ ಹರಿಯಿತು. ಒಂದು ಹರಿವು ನಿಂತು ಇನ್ನೊಂದು ಬರುವ ಮುನ್ನ ಅಲ್ಲಲ್ಲಿ ಕೆರೆಗಳಾದವು. ಅವುಗಳ ಕೆಸರಿನಲ್ಲಿ ಪ್ರಾಣಿಗಳ ಅವಶೇಷ ಉಳಿದವು. ಬೆಳಗಾವಿ ಜಿಲ್ಲೆಯ ಗೋಕಾಕ, ತೆಲಂಗಾಣದ ನಸ್ಕಲ್‌ಗಳ ಇಂಥ ಪದರಗಳಲ್ಲಿ ಒಂದು ಸಸ್ತನಿಯ ಬಿಡಿ ಹಲ್ಲುಗಳು ಸಿಕ್ಕಿವೆ. 2007ರಲ್ಲಿ ಎರಡು ತಂಡಗಳು ಅದಕ್ಕೆ ಬೇರೆ ಬೇರೆ ಹೆಸರಿಟ್ಟವು: ಭಾರತ್‌ಥೀರಿಯಂ ಮತ್ತು ದಕ್ಷಿಣ. ಮೊದಲನೆಯದೇ ಉಳಿಯಿತು.

ಹಲ್ಲಿನಿಂದ ಏನು ತಿಳಿಯುತ್ತದೆ? ಇದರ ದವಡೆಹಲ್ಲು ಎತ್ತರವಾಗಿದೆ. ಹಸು, ಕುದುರೆಗಳ ಹಲ್ಲಿನಂತೆ ಸವೆದರೂ ಬಹುಕಾಲ ಬಾಳುವಂಥದ್ದು. ಇದೇ ಬಳಗದ ಪ್ರಾಣಿಗಳು ಮಡಗಾಸ್ಕರ್, ದಕ್ಷಿಣ ಅಮೆರಿಕಗಳಲ್ಲೂ ಇದ್ದವು, ಏಕೆಂದರೆ ಈ ನೆಲಗಳು ಮೊದಲು ಒಂದಾಗಿದ್ದವು. ಮಡಗಾಸ್ಕರ್‌ನ ದೂರದ ಸಂಬಂಧಿ ಅಡಲಥೀರಿಯಂನ ಅಸ್ಥಿಪಂಜರವನ್ನು 2020ರಲ್ಲಿ ಪ್ರಕಟಿಸಿದರು. ಬೆಕ್ಕಿನ ಗಾತ್ರದ ಅದರ ಮುಂಗಾಲು ನೆಟ್ಟಗಿದ್ದರೆ ಹಿಂಗಾಲು ಪಕ್ಕಕ್ಕೆ ಚಾಚಿತ್ತು!

ಇಂಥ ವಿಚಿತ್ರ ರೂಪ ಏಕೆ? ದ್ವೀಪದ ಪ್ರಾಣಿಗಳು ಹೊರಗಿನವುಗಳೊಂದಿಗೆ ಕೂಡುವುದಿಲ್ಲ. ಆದ್ದರಿಂದ ಅವುಗಳಲ್ಲಾದ ಬದಲಾವಣೆಗಳು ತಲೆಮಾರಿನಿಂದ ತಲೆಮಾರಿಗೆ ಅಲ್ಲೇ ಸೇರುತ್ತಾ ಹೋಗುತ್ತವೆ. ಗಾತ್ರವೂ ಬದಲಾಗಬಹುದು. ಇಟಲಿಯ ಸಿಸಿಲಿ ದ್ವೀಪದಲ್ಲಿ ಸುಮಾರು 1 ಮೀಟರ್ ಎತ್ತರದ ಆನೆಗಳ ಪಳೆಯುಳಿಕೆ ಸಿಕ್ಕಿದೆ. ಅವುಗಳ ಪೂರ್ವಜರು ಸುಮಾರು 4 ಮೀಟರ್ ಇದ್ದವು. ಮೇವು ಮಿತವಾಗಿರುವ, ಹುಲಿಯಂಥ ದೊಡ್ಡ ಬೇಟೆಗಾರರಿಲ್ಲದ ಕಡೆ ಚಿಕ್ಕ ದೇಹವೇ ಲಾಭ.

ದ್ವೀಪವಾಗಲು ನೀರೇ ಬೇಕೆಂದಿಲ್ಲ. ನಮ್ಮ ಹನಗೋಡಿನ ಪಕ್ಕದ ನಾಗರಹೊಳೆಗೆ ಬಂಡೀಪುರ, ವಯನಾಡುಗಳ ಕಾಡಿನ ಸಂಪರ್ಕವಿದೆ. ಹೊಲ, ರಸ್ತೆ, ಕಟ್ಟಡಗಳಿಂದ ಅದು ಕಡಿದರೆ ನಮ್ಮ ಆನೆಗಳು ಸಿಸಿಲಿಯವುಗಳಂತೆ ಕುಳ್ಳಗಾಗಿ ಬದುಕುತ್ತವೆಯೇ? ಇಲ್ಲ. ಅದಕ್ಕೆ ಸಾವಿರಾರು ವರ್ಷ ಬೇಕು. ಅಷ್ಟರೊಳಗೆ ರಕ್ತಸಂಬಂಧದಲ್ಲೇ ಮರಿ ಹಾಕಿ ಸಂತತಿ ದುರ್ಬಲವಾಗುತ್ತದೆ. ಆನೆ ನುಗ್ಗಿ ರಾಗಿ ಕಳೆದುಕೊಂಡ ರೈತರ ಸಿಟ್ಟು ನ್ಯಾಯವಾದದ್ದೇ. ಹೊಲಕ್ಕೆ ಬೇಲಿ ಇರಲಿ. ಆದರೆ ಕಾಡಿನಿಂದ ಕಾಡಿಗೆ ಹೋಗುವ ದಾರಿ ಮಾತ್ರ ತೆರೆದಿರಲಿ ಎಂಬುದು ನನ್ನ ಅಭಿಪ್ರಾಯ.