ನರಹುಲಿಯೊಳಗೆ ಒಂದೆರಡು ಹನಿ ಕೀಮೋ

ಅಂಗಾಲಿನ ನರಹುಲಿಯನ್ನು ಆಣಿಯೆಂದುಕೊಂಡು ವರ್ಷಗಟ್ಟಲೆ ಬ್ಲೇಡಿನಲ್ಲಿ ಹೆರೆಯುತ್ತಾ ಕುಂಟುವವರಿದ್ದಾರೆ. ಆಣಿ ಚಪ್ಪಲಿಯ ಒತ್ತಡಕ್ಕೆ ಗಟ್ಟಿಯಾದ ಚರ್ಮ. ನರಹುಲಿಯನ್ನು ಬೆಳೆಸುವುದು ಹ್ಯೂಮನ್ ಪ್ಯಾಪಿಲೋಮಾ ವೈರಸ್. ಗರ್ಭಕೊರಳಿನ ಕ್ಯಾನ್ಸರ್ ತರುವ ವೈರಸ್ಸೂ ಇದೇ ಬಳಗದ್ದು ಎಂದು ಕೇಳಿ ಹೆದರುವವರುಂಟು; ಕೈಕಾಲಿನ ಸಾಮಾನ್ಯ ನರಹುಲಿಯದು ಬೇರೆ ಬಗೆ, ಅದಕ್ಕೆ ಆ ಭಯ ಬೇಡ.

ಈ ವೈರಸ್ ಅಡಗಿಕೊಳ್ಳುವ ರೀತಿ ಬೆರಗು ಹುಟ್ಟಿಸುತ್ತದೆ. ಸಣ್ಣ ತರಚುಗಾಯದಿಂದ ಒಳಹೊಕ್ಕು ಹೊರಚರ್ಮದ ತಳದ ಜೀವಕೋಶಗಳಲ್ಲಿ ಸದ್ದಿಲ್ಲದೆ ನೆಲೆಸುತ್ತದೆ. ಆ ಕೋಶಗಳು ಮೇಲೇರಿ, ಉದುರಿಹೋಗುವ ಹಂತಕ್ಕೆ ಬಂದಾಗಲಷ್ಟೇ ಹೊಸ ವೈರಸ್ ಕಣಗಳು ತಯಾರಾಗುತ್ತವೆ. ರಕ್ತಕ್ಕೆ ಅದು ಇಳಿಯುವುದೇ ಇಲ್ಲ. ಹಾಗಾಗಿ ದೇಹದ ರೋಗನಿರೋಧಕ ಪಡೆಗೆ ಇದರ ಸುಳಿವು ತಡವಾಗಿ ಸಿಗುತ್ತದೆ. ಸಿಕ್ಕಿದ ಮೇಲೆ ನರಹುಲಿ ತಾನಾಗಿಯೇ ಮಾಯ; ಮಕ್ಕಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು 2 ವರ್ಷದೊಳಗೆ ಹೋಗುತ್ತವೆ. ಆದ್ದರಿಂದ ಮೊದಲು ತಾಳ್ಮೆ, ಆಮೇಲೆ ಸ್ಯಾಲಿಸಿಲಿಕ್ ಆಮ್ಲ, ಅದಕ್ಕೂ ಬಗ್ಗದಿದ್ದರೆ ಮೈನಸ್ 196 ಡಿಗ್ರಿಯ ದ್ರವ ಸಾರಜನಕ.

ಉಗುರಿನ ಸುತ್ತ, ಅಂಗಾಲಿನಲ್ಲಿ ಬೇರೂರಿದ ಕೆಲವು ಇದಕ್ಕೂ ಜಗ್ಗುವುದಿಲ್ಲ. ಆಗ ಚರ್ಮವೈದ್ಯರು ಬ್ಲಿಯೊಮೈಸಿನ್ ಹೆಸರು ಹೇಳುತ್ತಾರೆ. ಅದು ಕ್ಯಾನ್ಸರ್ ಔಷಧ ಎಂದು ತಿಳಿದೊಡನೆ ರೋಗಿಯ ಮುಖ ಬಾಡುತ್ತದೆ.

ಜಪಾನಿನ ಹಮಾವೊ ಉಮೆಜಾವ ಮತ್ತು ಸಂಗಡಿಗರು 1960ರ ದಶಕದಲ್ಲಿ ಸ್ಟ್ರೆಪ್ಟೊಮೈಸಿಸ್ ವರ್ಟಿಸಿಲಸ್ ಎಂಬ ಬ್ಯಾಕ್ಟೀರಿಯಾದಿಂದ ಬೇರ್ಪಡಿಸಿದ ಔಷಧ ಇದು. ಕಬ್ಬಿಣದ ಪರಮಾಣುವೊಂದನ್ನು ಹಿಡಿದುಕೊಂಡು, ಆಮ್ಲಜನಕದ ನೆರವಿನಿಂದ ಡಿಎನ್‌ಎ ಎಳೆಗಳನ್ನು ಕತ್ತರಿಸುತ್ತದೆ. ನಮ್ಮ ಹೆಚ್ಚಿನ ಅಂಗಗಳಲ್ಲಿ ಇದನ್ನು ನಿಷ್ಕ್ರಿಯಗೊಳಿಸುವ ಕಿಣ್ವವೊಂದಿದೆ. ಶ್ವಾಸಕೋಶದಲ್ಲಿ, ಚರ್ಮದಲ್ಲಿ ಅದು ತೀರಾ ಕಡಿಮೆ. ರಕ್ತನಾಳದ ಮೂಲಕ ಕೊಟ್ಟಾಗ ಶ್ವಾಸಕೋಶ ನಲುಗುವುದು ಈ ಕೊರತೆಯಿಂದಲೇ. ನರಹುಲಿಯೊಳಗೆ ಚುಚ್ಚಿದಾಗ ಔಷಧಕ್ಕೆ ಬಲ ಬರುವುದೂ ಅದೇ ಕೊರತೆಯಿಂದ. ಒಂದೇ ಗುಣ ಒಂದು ಕಡೆ ಅಪಾಯ, ಇನ್ನೊಂದು ಕಡೆ ಉಪಕಾರ. ವ್ಯತ್ಯಾಸವಿರುವುದು ಎಲ್ಲಿಗೆ, ಎಷ್ಟು ಕೊಟ್ಟೆವು ಎಂಬುದರಲ್ಲಿ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಒಟ್ಟು ಪ್ರಮಾಣ 400 ಯೂನಿಟ್ ದಾಟಿದರೆ ಶ್ವಾಸಕೋಶದ ಅಪಾಯ ಬಹಳ ಏರುತ್ತದೆ. ನರಹುಲಿಗೆ ಒಂದು ಸಲಕ್ಕೆ ಸಾಮಾನ್ಯವಾಗಿ 2 ಯೂನಿಟ್ ಕೂಡ ಮೀರುವುದಿಲ್ಲ.

ಔಷಧವನ್ನು ಒಂದೇ ಕಡೆ ಉಳಿಸಿಕೊಳ್ಳುವ ಈ ಯೋಚನೆಗೆ ದೊಡ್ಡ ರೂಪವೂ ಇದೆ. ಅಮೆರಿಕದ ನ್ಯೂ ಓರ್ಲಿಯನ್ಸ್‌ನಲ್ಲಿ 1957ರಲ್ಲಿ ಕ್ರೀಚ್ ಮತ್ತು ಕ್ರೆಮೆಂಟ್ಸ್ ಎಂಬ ಶಸ್ತ್ರವೈದ್ಯರು ಕ್ಯಾನ್ಸರ್ ಹರಡಿದ್ದ ಕಾಲಿನ ರಕ್ತಸಂಚಾರವನ್ನು ದೇಹದಿಂದ ಬೇರ್ಪಡಿಸಿ, ಯಂತ್ರಕ್ಕೆ ಜೋಡಿಸಿ, ಆ ಕಾಲಿಗಷ್ಟೇ ಕೀಮೋ ಹರಿಸಿದರು. ನರಹುಲಿಗೆ ಯಂತ್ರ ಬೇಡ, ಸಿರಿಂಜು ಸಾಕು.

ಚುಚ್ಚುವಾಗ ನೋವು ಜೋರು. ಅದಕ್ಕೇ ಮರಗಟ್ಟಿಸುವ ಔಷಧವನ್ನೂ ಕೊಡುತ್ತಾರೆ. ಒಂದೆರಡು ದಿನ ಸಿಡಿತವಿದ್ದು, ಬಳಿಕ ನರಹುಲಿ ಕಪ್ಪಾಗಿ ಒಣಗುತ್ತದೆ. ಕೆಲವು ವಾರಗಳಲ್ಲಿ ವೈದ್ಯರು ಹೆರೆದು ತೆಗೆಯುತ್ತಾರೆ. ಇನ್ನೊಮ್ಮೆ ಚುಚ್ಚಬೇಕಾಗುವುದೂ ಉಂಟು. ಬೆರಳಿನ ತುದಿಯಲ್ಲಾದರೆ ಉಗುರು ವಿಕಾರವಾಗಬಹುದು. ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಇದು ಸಲ್ಲದು. ಚಳಿಗೆ ಬೆರಳು ಬಿಳಿಚಿಕೊಂಡು ಮರಗಟ್ಟುವ ತೊಂದರೆ ಇದ್ದವರು ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು.